ಹೊನ್ನಾಜಿಯ ಹಸೆ (ಏಳನೆಯ ಕಂತು): ಮುಚ್ಚಿಹೋದ ದಾರಿ

“ಮುಟ್ಟಬೇಡಿ ಮೇಡಂ. ಬರೀ ನೋಡಿ.”

“ನೋಡಾಕ ಬಂದೀನ್ರೀ,” ಎಂದಳು ಸಬ್‌ಇನ್‌ಸ್ಪೆಕ್ಟರ್ ದಾಕ್ಷಾಯಿಣಿ. ಭೂತಗನ್ನಡಿಯನ್ನು ವಸ್ತ್ರದ ಮೇಲೆ ಇನ್ನಷ್ಟು ಕೆಳಕ್ಕೆ ಇಳಿಸಿದಳು.

ಶಿರಸಿಯ ಪರಂಪರೆ ಟ್ರಸ್ಟಿನ ಉದ್ದನೆಯ ಮೇಜಿನ ಮೇಲೆ ಎರಡು ಮಾರು ಬಟ್ಟೆ ಹಾಸಿತ್ತು. ಕೆಮ್ಮಣ್ಣಿನ ಬಣ್ಣದ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳು. ನಡುವೆ ಬಾಸಿಂಗ, ಕೆಳಗೆ ಸಾಲುಗೊಂಬೆ, ಸುತ್ತಲೂ ಜಡೆ ಹೆಣೆದಂಥ ಅಂಚು. ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಯಾರೋ ಹಾಗೆಯೇ ಎತ್ತಿ ಬಟ್ಟೆಗೆ ಇಳಿಸಿದಂತಿತ್ತು.

ಆರು ತಿಂಗಳ ಹಿಂದೆ ಇದು ಹೊನ್ನಾಜಿ ಬರೆದ ಮುನ್ನೂರೈವತ್ತು ವರ್ಷದ ವಸ್ತ್ರವೆಂದು ಡೊಳ್ಳು ಬಡಿದು ಇಲ್ಲಿಗೆ ತಂದಿದ್ದರು. ಮೊನ್ನೆ ಪ್ರಯೋಗಾಲಯದ ವರದಿ ಬಂತು: ಬಟ್ಟೆ ಗಿರಣಿಯದು, ವಯಸ್ಸು ಎರಡು ವರ್ಷ ದಾಟಿಲ್ಲ. ವಸ್ತ್ರ ಕೊಟ್ಟ ಸಿದ್ದಾಪುರ ಕಡೆಯ ದೇವಿ ಎಂಬ ಮುದುಕಿಯ ಮೇಲೆ ಟ್ರಸ್ಟು ವಂಚನೆಯ ದೂರು ಕೊಟ್ಟಿತು.

“ಸಾಯಂಕಾಲ ನಾಲ್ಕಕ್ಕೆ ಪತ್ರಿಕೆಯವರು ಬರ್ತಾರೆ,” ಎಂದರು ಟ್ರಸ್ಟಿನ ಸಂಶೋಧಕ ಸುಭಾಷ್. ಯಲ್ಲಾಪುರದವರು. ಇಸ್ತ್ರಿ ಮಾಡಿದ ಅಂಗಿಯಷ್ಟೇ ಗರಿಗರಿ ಮಾತು. “ಹೊನ್ನಾಜಿ ಅನ್ನೋ ರಾಜಕುಮಾರಿ ಇರಲೇ ಇಲ್ಲ, ಇದೊಂದು ಮನೆಯವರು ಹುಟ್ಟಿಸಿದ ಕಥೆ ಅಂತ ನಾವು ಹೇಳಲೇಬೇಕಾಗ್ತದೆ. ನಮಗೂ ಮರ್ಯಾದೆ ಇದೆಯಲ್ಲ?”

ಗೋಡೆ ಬದಿಯ ಬೆಂಚಿನ ಮೇಲೆ ಕೂತಿದ್ದ ದೇವಿ ತಲೆಯೆತ್ತಿದಳು. ಎಪ್ಪತ್ತೆರಡು ವರ್ಷ. ಬೆನ್ನು ಬೆಂಚಿಗೆ ತಾಗಿರಲಿಲ್ಲ. ಬಂದಾಗಿನಿಂದ ನೀರು ಕೂಡ ಮುಟ್ಟಿರಲಿಲ್ಲ.

“ನನ್ನ ಸುಳ್ಳಿ ಅನ್ನಿ ಮಾರಾಯ್ರೆ, ತಡ್ಕಂತೀನಿ. ಹೊನ್ನಾಜಿನ ಸುಳ್ಳು ಅನ್ಬೇಡಿ.”

“ಹಾಗಾದ್ರೆ ಈ ಬಟ್ಟೆ ಎಂತದು?”

“ಅದು ನಮ್ಮ ವಸ್ತ್ರ ಅಲ್ಲ.”

“ಎರಡು ದಿನದಿಂದ ಇದೊಂದೇ ಮಾತು, ಮೇಡಂ. ಅಲ್ಲ, ನೀವೇ ಯೋಚನೆ ಮಾಡಿ. ಅರಸರ ಮಗಳು, ಅದೂ ಸಿಂಹಳದ ಅರಮನೆಗೆ ಹೋದ ಸೊಸೆ, ಗದ್ದೆ ಕೆಲಸದವರ ಮನೆ ಗೋಡೆ ಚಿತ್ರ ಯಾಕೆ ಬರೀತಾಳೆ?”

ದಾಕ್ಷಾಯಿಣಿ ಭೂತಗನ್ನಡಿ ಕೆಳಗಿಟ್ಟಳು. ದೇವಿಯ ಮುಖ ನೋಡಿದಳು. ಬೈಗುಳ ಬರುತ್ತದೆ ಅಂದುಕೊಂಡಿದ್ದಳು. ಬಂದದ್ದು ನಗು.

“ಯಾಕೆ ಅಂದ್ರೆ, ಅವಳು ಕುಡ್ದಿದ್ದು ನಮ್ಮನೆ ಹಾಲು.”

“ಸ್ವಲ್ಪ ಬಿಡಿಸಿ ಹೇಳ್ರಿ, ಅವ್ವಾರ,” ಎಂದಳು ದಾಕ್ಷಾಯಿಣಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತು. ಅವಳು ದಾಸನಕೊಪ್ಪದವಳು. ಈ ಕಥೆಯನ್ನು ಪತ್ರಿಕೆಯಲ್ಲಿ ಓದಿದ್ದಳೇ ಹೊರತು ಆ ಮನೆಯವರ ಬಾಯಿಂದ ಕೇಳಿರಲಿಲ್ಲ.

ದೇವಿ ಸೆರಗು ಸರಿಮಾಡಿಕೊಂಡಳು. ಹೇಳಿ ಹೇಳಿ ನುಣುಪಾದ ಕಥೆಯಾದರೂ ಅವಳು ಅವಸರ ಮಾಡಲಿಲ್ಲ.

ಕಾನಕೋಟೆಯ ಅರಸಿಗೆ ಹುಟ್ಟಿದ ಹೆಣ್ಣುಮಗು ತಾಯಿಯ ಹಾಲು ಕಂಡಿರಲಿಲ್ಲ. ಹಾಲೂಡಿಸಿದ್ದು ದೀವರ ಮನೆಯ ಬಾಣಂತಿ. ಅದೇ ಬಾಣಂತಿಯ ಮಗಳು ಬೈರಿ, ಹೊನ್ನಾಜಿಯ ಓರಗೆಯವಳು. ಪುಂಡಿ ನಾರಿನ ಕುಂಚ ಹಿಡಿಯುವುದನ್ನು ಇಬ್ಬರೂ ಒಂದೇ ಜಗಲಿಯ ಮೇಲೆ ಕಲಿತರು. ಹದಿನಾರಕ್ಕೆ ಹೊನ್ನಾಜಿಯನ್ನು ಹೊನ್ನಾವರದಲ್ಲಿ ಹಡಗು ಹತ್ತಿಸಿದರು. ಜೊತೆಗೆ ಹೋದವಳು ಬೈರಿ ಒಬ್ಬಳೇ. ಪೆಟ್ಟಿಗೆಯಲ್ಲಿ ಒಡವೆ, ಇನ್ನೊಂದು ಗಂಟಿನಲ್ಲಿ ಊರಿನ ಕೆಮ್ಮಣ್ಣು.

“ಅಲ್ಲಿ ಮದುವೆ ಚಪ್ರದಲ್ಲಿ ಬರೀ ಗೋಡೆ ಕಂಡ್ರಿ. ಹಸೆ ಇಲ್ದ ಗೋಡೆ ಮುಂದೆ ನಾ ಕೂರೂದಿಲ್ಲ ಅಂದ್ಲು. ಮುಹೂರ್ತ ನಿಂತೋಯ್ತು. ಅವರ ಭಾಷೆ ಇವಳಿಗೆ ಬರೂದಿಲ್ಲ, ಇವಳದ್ದು ಅವರಿಗೆ ಬರೂದಿಲ್ಲ. ಬೈರಿ ಅಕ್ಕಿ ಅರೆದ್ಲು, ಹೊನ್ನಾಜಿ ಪಟ್ಟೆಸೀರೆ ಎತ್ತಿ ಕಟ್ಕಂಡು ತಾನೇ ಗೋಡೆಗೆ ಮಣ್ಣು ಬಳ್ದು ಹಸೆ ಬರ್ದ್ಲು. ಅರಮನೆ ಹೆಂಗಸ್ರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಿದ್ದೇ ನಕ್ಕಿದ್ದು. ಅರಸ್ರ ಮಗಳ ಕೈಯಾಗೆ ಕೆಸರು ಅಂತ.”

“ಆಮ್ಯಾಲ?”

“ನಾಕು ವರ್ಷದ ಮೇಲೆ ಅತ್ತೆ ತಾನೇ ಬಂದು, ಮೊಮ್ಮಗ ಹುಟ್ಟೂ ಕೋಣೆಗೂ ಒಂದು ಬರಿಯೇ ಮಗಳೇ, ಅಂದ್ಲು.”

ಮೂವತ್ತು ತುಂಬುವುದರೊಳಗೆ ಗಂಡ ಹೋದ. ಮಂತ್ರಿಗಳು ಮಗನನ್ನು ಇಟ್ಟುಕೊಂಡು ತಾಯಿಯನ್ನು ತವರಿಗೆ ಕಳಿಸುವ ಯೋಚನೆ ಮಾಡಿದರು. ಹಡಗನ್ನೂ ಸಿದ್ಧ ಮಾಡಿದರು. ಹೊನ್ನಾಜಿ ಹಡಗು ಹತ್ತಲಿಲ್ಲ. ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಸಿಂಹಾಸನದ ಮೆಟ್ಟಿಲ ಮೇಲೆ ಕೂತವಳು ಒಂಬತ್ತು ವರ್ಷ ಏಳಲಿಲ್ಲ. ಅವರ ಭಾಷೆಯಲ್ಲೇ ಅವರ ನ್ಯಾಯ ಕೇಳಿದಳು. ಪರಂಗಿ ವ್ಯಾಪಾರಿಗಳು ತಂದ ಒಪ್ಪಂದದ ಕಾಗದವನ್ನು ಮೂರು ಸಲ ವಾಪಸು ಕಳಿಸಿ, ನಾಲ್ಕನೆಯ ಸಲ ತಾನು ಹೇಳಿದಂತೆ ಬರೆಸಿಕೊಂಡಳು. ಮಗ ದೊಡ್ಡವನಾಗಿ, ಇನ್ನು ತವರಿಗೆ ಹೋಗಿ ಬಾ ಅಮ್ಮ ಅಂದಾಗ ಊರಲ್ಲಿ ಸಿಡುಬು. ಈ ಮಕ್ಕಳನ್ನು ಬಿಟ್ಟು ಹೇಗೆ ಹೋಗಲಿ ಎಂದಳು. ಬದಲಿಗೆ ಒಂದು ಬಟ್ಟೆಯ ಮೇಲೆ ಹಸೆ ಬರೆದು ಬೈರಿಯ ಕೈಯಲ್ಲಿ ಕೊಟ್ಟು ಕಳಿಸಿದಳು.

“ಅದೇ ನಮ್ಮ ವಸ್ತ್ರ. ನಮ್ಮನೆ ಹೆಣ್ಣುಮಕ್ಕಳು ಇವತ್ತಿಗೂ ಅದ್ರ ಮುಂದೇ ಧಾರೆಗೆ ಕೂರೂದು. ಕುಲದಾಗೆ ನಮ್ಮವಳಲ್ಲ ಅವಳು. ಆದ್ರೂ ನಮ್ಮವಳು.”

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಮಾದೇವ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡ.

“ಚೆನ್ನಾಗಿ ಹೇಳ್ತಾರೆ,” ಎಂದರು ಸುಭಾಷ್. “ಪುರಾವೆ ಒಂದಿಲ್ಲ ಅಷ್ಟೆ.”

“ಇವರ ಮನೆಯ ಹಳೇ ಫೋಟೋ ಏನರ ಐತೇನು ನಿಮ್ಮ ಕಡತದಾಗ?”

ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ ಯಾವುದೋ ಮದುವೆಯಲ್ಲಿ ತೆಗೆದದ್ದು. ಹಸೆ ವಸ್ತ್ರದ ಮುಂದೆ ವಧೂವರರು, ಪಕ್ಕದಲ್ಲಿ ಆಗಿನ್ನೂ ಕೂದಲು ಕಪ್ಪಗಿದ್ದ ದೇವಿ. ದಾಕ್ಷಾಯಿಣಿ ಫೋಟೋವನ್ನು ವಸ್ತ್ರದ ಪಕ್ಕಕ್ಕಿಟ್ಟು ಒಂದೊಂದೇ ಗೊಂಬೆ ಎಣಿಸಿದಳು. ಹನ್ನೊಂದಕ್ಕೆ ಹನ್ನೊಂದು. ಬಾಸಿಂಗ ಸರಿ. ಎಳೆ ಸರಿ.

ಬಲಗಡೆಯ ಅಂಚಿಗೆ ಬಂದಾಗ ಬೆರಳು ನಿಂತಿತು.

ಫೋಟೋದಲ್ಲಿ ಅಂಚು ಒಂದು ಕಡೆ ತುಂಡಾಗಿತ್ತು. ನಾಲ್ಕು ಬೆರಳಗಲ ಜಾಗ ಖಾಲಿ. ಮೇಜಿನ ಮೇಲಿನ ವಸ್ತ್ರದಲ್ಲಿ ಅಂಚು ಒಂದೂ ಕಡೆ ಕಡಿಯದೆ ಸುತ್ತು ಬಂದಿತ್ತು.

“ಇದೇನ್ರೀ ಇಲ್ಲಿ?”

“ಮಾಸಿರಬೇಕು,” ಎಂದರು ಸುಭಾಷ್, ಕನ್ನಡಕ ತೆಗೆದು ಒರೆಸುತ್ತ. “ಹಳೇ ಫೋಟೋ ಅಲ್ವಾ.”

“ಮಾಸಿದ್ದಲ್ಲ!” ದೇವಿ ಎದ್ದೇ ನಿಂತಳು. “ಹೊನ್ನಾಜಿ ಬಿಟ್ಟಿದ್ದು. ಇಷ್ಟು ದಾರಿ ಹಾಗೇ ಇರ್ಲಿ, ನಾ ಬಂದ ದಿನ ನಾನೇ ಮುಚ್ತೀನಿ ಅಂತ ಬೈರಿ ಹತ್ರ ಹೇಳಿ ಕಳ್ಸಿದ್ಲು. ಅವಳು ಬರ್ಲಿಲ್ಲ. ನಾವು ಯಾರೂ ಮುಚ್ಚಲಿಲ್ಲ.”

ಹೇಳಿ ಮುಗಿಸಿದ ಮೇಲೆ ಹೇಳಬಾರದಿತ್ತೇನೋ ಎಂಬಂತೆ ತುಟಿ ಬಿಗಿದು ಕೂತಳು. ದಾಕ್ಷಾಯಿಣಿ ಅದನ್ನು ನೋಡಿದಳು.

“ಒಂದು ಸಣ್ಣ ಮಾತು, ಅವ್ವಾರ. ಬ್ಯಾರೆ ಹಸೆಗಳಾಗ ಹಿಂಗ ದಾರಿ ಬಿಡ್ತೀರೇನು?”

“ಛೆ! ಅಂಚು ಕೂಡದೆ ಕುಂಚ ಕೆಳಗಿಟ್ರೆ ನಮ್ಮವ್ವ ಕೈಮೇಲೆ ಬಾರಿಸ್ತಿದ್ಲು. ಹಸಿವಾಗ್ಲಿ, ಮಗು ಅಳ್ಲಿ, ಅಂಚು ಕೂಡಿಸೇ ಏಳೂದು. ಚಿತ್ತಾರ ಕಲಿಯೂ ಹುಡುಗಿಗೆ ಮೊದ್ಲು ಹೇಳೂದೇ ಅದು.”

ದಾಕ್ಷಾಯಿಣಿ ಮೇಜಿಗೆ ಒಂದು ಸುತ್ತು ಹಾಕಿದಳು. ತಲೆಯೊಳಗೆ ಏನೋ ಕೂಡಿಕೊಳ್ಳುತ್ತಿತ್ತು.

ಫೋಟೋ ಮುಂದಿಟ್ಟುಕೊಂಡು ಹೊರಗಿನ ಕಲಾವಿದ ಯಾರಾದರೂ ನಕಲು ಮಾಡಿದ್ದರೆ ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದ. ಖಾಲಿ ಇದ್ದಲ್ಲಿ ಖಾಲಿ. ಇಲ್ಲಿ ಬರೆದ ಕೈ ಖಾಲಿಯನ್ನು ತಾಳಲಾರದೆ ಹೋಗಿದೆ. ಎಚ್ಚರದಿಂದ ಹನ್ನೊಂದು ಗೊಂಬೆ ಎಣಿಸಿ ಬರೆದ ಕೈ, ಅಂಚಿಗೆ ಬಂದಾಗ ಅವ್ವನ ಏಟಿಗೆ ಹೆದರಿದ ಹುಡುಗಿಯ ಕೈಯಾಗಿದೆ. ಈ ತಪ್ಪು ಮಾಡಬೇಕಾದರೆ ಚಿತ್ತಾರಗಿತ್ತಿಯೇ ಆಗಿರಬೇಕು.

ಅವಳು ಮತ್ತೆ ಭೂತಗನ್ನಡಿ ಹಿಡಿದಳು. ಕುಂಚ ಬಣ್ಣದಲ್ಲಿ ಅದ್ದಿ ಎಳೆಯಲು ಶುರು ಮಾಡಿದ ಕಡೆ ಗೆರೆ ದಪ್ಪ, ಎಳೆಯುತ್ತ ಹೋದಂತೆ ತೆಳು. ಇಲ್ಲಿ ಅಡ್ಡಗೆರೆಗಳೆಲ್ಲ ಬಲಗಡೆ ದಪ್ಪ, ಎಡಗಡೆ ತೆಳು.

“ಮಾದೇವ, ನೀ ಊಟ ಮಾಡೂ ಕೈ ಯಾವ್ದು?”

“ಬಲಗೈ, ಮೇಡಂ. ಇನ್ನೂ ಮಾಡ್ಲಿಲ್ಲ,” ಎಂದ ಮಾದೇವ, ಗಡಿಯಾರ ನೋಡುತ್ತ.

“ಗೆರಿ ಎಲ್ಲಿಂದ ಎಲ್ಲಿಗೆ ಎಳೀತಿ?”

ಮಾದೇವ ಗಾಳಿಯಲ್ಲಿ ಎಳೆದು ತೋರಿಸಿದ. ಎಡದಿಂದ ಬಲಕ್ಕೆ.

“ಇದನ್ನ ಬರೆದಾಕಿ ಎಡಗೈಯಾಕಿ.”

ಅವಳು ಹೊರಗಿನ ಜಗಲಿಗೆ ಬಂದಳು. ಟ್ರಸ್ಟಿನ ಗೋಡೆಗೆ ಹೋದ ವರ್ಷ ಬರೆಸಿದ ದೊಡ್ಡ ಹಸೆ. ಕಣ್ಣನ್ನು ಗೋಡೆಗೆ ತಾಗುವಷ್ಟು ಹತ್ತಿರ ಒಯ್ದಳು. ಬಲಗಡೆ ದಪ್ಪ. ಎಡಗಡೆ ತೆಳು. ಮೂಲೆಯಲ್ಲಿ ಪುಟ್ಟ ಅಕ್ಷರ: ರೋಹಿಣಿ, ಇಸಳೂರು.

“ಯಾರಿಕಿ?”

“ದೇವಿಯವರ ತಂಗಿ ಮಗಳು. ಚಿತ್ತಾರದ ಕ್ಲಾಸ್ ನಡೆಸ್ತಾಳೆ,” ಎಂದರು ಹಿಂದಿನಿಂದ ಸುಭಾಷ್. ಧ್ವನಿಯಲ್ಲಿ ಗೆದ್ದ ಖುಷಿ. “ನೋಡಿದ್ರಾ? ಮನೆಯೊಳಗೇ ತಯಾರಾದ ಮಾಲು.”

ಜೀಪು ಹೊರಡುವಾಗ ಹಿಂದಿನ ಸೀಟಿನಲ್ಲಿ ದೇವಿ ಆಗಲೇ ಕೂತಿದ್ದಳು.

“ನೀವ್ಯಾಕ ಅವ್ವಾರ?”

“ಹುಡುಗಿ ಮನೆಗೆ ಪೊಲೀಸ್ರು ಹೋಗ್ಬೇಕಾದ್ರೆ ದೊಡ್ಡವ್ರು ಅಂತ ಒಬ್ರು ಬೇಡ್ದನ?” ಎಂದಳು ದೇವಿ.

* * *

ಇಸಳೂರಿನ ಹೊಸ ಬಡಾವಣೆಯಲ್ಲಿ ಇನ್ನೂ ಬಣ್ಣ ಕಾಣದ ಮನೆಗಳ ನಡುವೆ ಒಂದು ಮನೆ ಮಾತ್ರ ಕೆಮ್ಮಣ್ಣಿನ ಕೆಂಪು. ಮೇಲಿನ ಕೋಣೆಯಲ್ಲಿ ರೋಹಿಣಿ ಒಬ್ಬಳೇ ಇದ್ದಳು. ಮೂವತ್ತೈದರ ಹೆಂಗಸು. ಮುಡಿಗೆ ಸಿಕ್ಕಿಸಿದ್ದ ಕುಂಚ ತೆಗೆಯಲು ಮರೆತಿದ್ದಳು. ದೊಡ್ಡಮ್ಮನನ್ನು ಕಂಡು ಮುಖ ಅರಳಿತು. ಖಾಕಿ ಕಂಡು ಅರ್ಧಕ್ಕೇ ನಿಂತಿತು.

“ಪೊಲೀಸ್ ಮೇಡಂನೋರು ಕ್ಲಾಸಿಗೆ ಸೇರೂಕೆ ಬಂದ್ರನ, ದೊಡ್ಡವ್ವ?”

“ಸೇರೂಣಂತ,” ಎಂದಳು ದಾಕ್ಷಾಯಿಣಿ ನಗುತ್ತ, ಚಾಪೆಯ ಮೇಲೆ ಕೂತು. “ನನ್ನ ಮಗಳಿಗೆ ಚಿತ್ತಾರ ಅಂದ್ರ ಜೀವ. ಈ ರಟ್ಟಿನ ಮ್ಯಾಲೆ ಒಂದು ಸಣ್ಣದು ಬರದು ಕೊಡ್ರಿ. ಬಲಕ್ಕ ಅಂಚಿನಾಗ ನಾಕು ಬೆರಳು ಜಾಗ ಬಿಡ್ರಿ, ಆಕಿ ಹೆಸರು ಹಾಕಬೇಕು.”

ರೋಹಿಣಿ ದೊಡ್ಡಮ್ಮನ ಕಡೆ ನೋಡಿದಳು. ದೇವಿ ಕಿಟಕಿಯಾಚೆ ನೋಡುತ್ತಿದ್ದಳು. ರೋಹಿಣಿ ಕುಂಚ ಎತ್ತಿಕೊಂಡಳು. ಎಡಗೈಯಲ್ಲಿ.

“ಎಷ್ಟು ವರ್ಷ ಆತು ಬರೆಯಾಕ ಹತ್ತಿ?”

“ಏಳನೇ ವಯಸ್ಸಿಗೆ ಕೂರ್ಸಿದ್ರು ದೊಡ್ಡವ್ವ. ಎಡಗೈ ಅಂತ ಎಲ್ಲ ಬೈದ್ರು. ದೊಡ್ಡವ್ವ ಮಾತ್ರ, ಕೈ ಯಾವುದಾದ್ರೆ ಎಂತ, ಎಳೆ ನೆಟ್ಟಗಿರ್ಲಿ ಅಂದ್ರು.”

“ಒಳ್ಳೆ ಗುರು.”

“ಗುರು ಅಲ್ಲ ಮೇಡಂ, ರಾಕ್ಷಸಿ. ಒಂದು ಎಳೆ ಸೊಟ್ಟಾದ್ರೆ ಇಡೀ ಗೋಡೆ ಅಳಿಸೂದು.”

ದೇವಿಯ ತುಟಿಯಂಚಿನಲ್ಲಿ ನಗು ಸುಳಿದು ಹೋಯಿತು. ದಾಕ್ಷಾಯಿಣಿ ಮಾತಾಡಿಸುತ್ತಲೇ ಇದ್ದಳು. ಮದುವೆ ಎಲ್ಲಾಯಿತು, ಮಕ್ಕಳೆಷ್ಟು, ಕೆಮ್ಮಣ್ಣು ಎಲ್ಲಿಂದ ತರುತ್ತೀರಿ. ರೋಹಿಣಿ ಉತ್ತರ ಹೇಳುತ್ತಿದ್ದಳು, ಎಡಗೈ ತನ್ನ ಪಾಡಿಗೆ ನಡೆಯುತ್ತಿತ್ತು. ಮೇಲಿನ ಅಂಚು. ಎಡದ ಅಂಚು. ಕೆಳಗಿನದು. ಕೊನೆಗೆ ಬಲಗಡೆ ಮೇಲಕ್ಕೆ ಹತ್ತಿ, ಜಡೆ ಹೆಣೆದು, ಎಳೆಗೆ ಎಳೆ ಕೂಡಿಸಿ ಕುಂಚ ಕೆಳಗಿಟ್ಟಳು.

“ಆಯ್ತು ನೋಡಿ.”

“ಹೆಸರು ಎಲ್ಲಿ ಹಾಕ್ಲಿ?”

ರೋಹಿಣಿ ರಟ್ಟು ನೋಡಿದಳು. ಬಿಟ್ಟಿರಬೇಕಾಗಿದ್ದ ಜಾಗ ಎಲ್ಲೂ ಇರಲಿಲ್ಲ. ಕುಂಚದ ತುದಿಯಿಂದ ಬಿಳಿ ಹನಿಯೊಂದು ಚಾಪೆಗೆ ಬಿತ್ತು.

“ಟ್ರಸ್ಟಿನ ವಸ್ತ್ರದಾಗೂ ಹಿಂಗ ಆತು, ಹೌದಲ್ಲೇನು?” ದಾಕ್ಷಾಯಿಣಿಯ ದನಿ ಮೆತ್ತಗಿತ್ತು. “ಬಿಡಬೇಕಂತ ಗೊತ್ತಿತ್ತು. ಕೈ ಕೇಳ್ಲಿಲ್ಲ.”

ಅಳಬಹುದು, ಇಲ್ಲ ಎನ್ನಬಹುದು ಅಂದುಕೊಂಡಳು. ರೋಹಿಣಿ ಎರಡೂ ಮಾಡಲಿಲ್ಲ. ಬೆನ್ನು ನೆಟ್ಟಗಾಯಿತು, ಥೇಟು ಬೆಂಚಿನ ಮೇಲಿನ ದೇವಿಯ ಹಾಗೆ.

“ಹೌದು. ನಾನೇ ಬರ್ದಿದ್ದು. ಅಂಗಡಿಯಿಂದ ಬಟ್ಟೆ ತಂದು, ಹಳೇದು ಕಾಣ್ಲಿ ಅಂತ ಅಡಿಕೆ ಬೇಯಿಸಿದ ಚೊಗರಲ್ಲಿ ಮೂರು ಸಲ ಅದ್ದಿದ್ದೂ ನಾನೇ.”

“ಯಾರು ಬರೆಸಿದ್ರು? ಸುಭಾಷ್ ಅವರೇನು?”

ರೋಹಿಣಿ ಕುಂಚವನ್ನು ನೀರಿಗೆ ಹಾಕಿ ತೊಳೆಯತೊಡಗಿದಳು.

“ನೋಡವಾ ತಂಗಿ, ನಾಲ್ಕಕ್ಕ ಅಲ್ಲಿ ನಿಮ್ಮ ಹೊನ್ನಾಜಿನ ಸುಳ್ಳು ಮಾಡಾಕ ಹೊಂಟಾರ. ನಿಮ್ಮ ದೊಡ್ಡವ್ವನ ಮ್ಯಾಲೆ ಕೇಸು. ಅಸಲಿ ವಸ್ತ್ರ ಎಲ್ಲೈತಿ ಅಂತ ನೀ ಹೇಳಿದ್ರ ಎರಡೂ ಉಳೀತಾವು. ಹೇಳ್ಲಿಲ್ಲಂದ್ರ ನಿನ್ನನ್ನ ಕರ್ಕೊಂಡು ಹೋಗಬೇಕಾಕ್ಕತಿ.”

“ಕರ್ಕಂಡು ಹೋಗಿ,” ಎಂದಳು ರೋಹಿಣಿ, ಎದ್ದು ಕೈ ಒರೆಸಿಕೊಳ್ಳುತ್ತ.

“ಕೂತ್ಕ ರೋಹಿಣಿ,” ಎಂದಳು ದೇವಿ.

ಕಿಟಕಿ ಬಿಟ್ಟು ತಿರುಗಿದ ಮುಖದಲ್ಲಿ ಅಳುಕಿರಲಿಲ್ಲ.

“ಬರೆಸಿದ್ದು ನಾನು.”

ದಾಕ್ಷಾಯಿಣಿ ಅವಳ ಕಡೆ ತಿರುಗಿ ಕೂತಳು.

“ಆ ವಸ್ತ್ರ ಮನೆ ಹೊಸ್ತಿಲು ದಾಟೂದು ಹೆಣ್ಣಿನ ಮದುವೆಗೆ ಮಾತ್ರ. ಬೈರಿ ಕೊಟ್ಟ ಮಾತು, ನಮ್ಮವ್ವಂಗೆ ಅವಳವ್ವ ಹೇಳಿದ್ದು, ನಂಗೆ ನಮ್ಮವ್ವ ಹೇಳಿದ್ದು. ಟ್ರಸ್ಟಿನವ್ರು ಬಂದು ಗಾಜಿನ ಪೆಟ್ಟಿಗೇಲಿ ಇಡ್ತೀವಿ, ಊರಿಗೆ ಊರೇ ಹೊನ್ನಾಜಿನ ನೋಡ್ತದೆ ಅಂದಾಗ ಇಲ್ಲ ಅನ್ನೂಕೂ ಮನಸಾಗ್ಲಿಲ್ಲ. ಅವಳ ಹೆಸ್ರು ಮೆರೀಲಿ ಅಂತ ನಂಗೂ ಆಸೆ ಇತ್ತಲ್ಲ. ಇವಳ ಕೈಲಿ ಒಂದು ಬರೆಸಿ ಕೊಟ್ಟೆ. ದಾರಿ ಮುಚ್ಚಿಹೋಗಿದ್ದು ನೋಡಿ ಎರಡು ದಿನ ಇವಳ ಹತ್ರ ಮಾತು ಬಿಟ್ಟಿದ್ದೆ. ಆಮೇಲೆ, ನಕಲಿಗೊಂದು ಗುರುತಾಯ್ತು, ಇರ್ಲಿ ಅಂದೆ.”

“ಅದು ನಮ್ಮ ವಸ್ತ್ರ ಅಲ್ಲ ಅಂದಿದ್ದು...”

“ನಿಜವೇ ಹೇಳಿದ್ದು. ಪೂರ್ತಿ ಹೇಳ್ಲಿಲ್ಲ. ಅದು ತಪ್ಪು. ಆ ತಪ್ಪಿಗೆ ಎಂತ ಶಿಕ್ಷೆ ಕೊಡ್ತೀರಿ ಕೊಡಿ.”

“ಅಸಲಿ?”

“ನಮ್ಮನೆ ಬೀಟೆ ಪೆಟ್ಟಿಗೇಲಿ. ದೇವ್ರ ಕೋಣೇಲಿ.” ದೇವಿ ಎದ್ದು ನಿಂತಳು. “ಬೈರಿ ಮಾತು ದೊಡ್ಡದೋ ಹೊನ್ನಾಜಿ ಹೆಸ್ರು ದೊಡ್ಡದೋ ಅಂತ ಎರಡು ದಿನ ಯೋಚ್ನೆ ಮಾಡ್ದೆ. ಇವಳು ಕೈ ಒರೆಸ್ಕಂಡು ಎದ್ಲಲ್ಲ, ಅಲ್ಲಿಗೆ ಮುಗೀತು. ನಾಕು ಗಂಟೆಗೆ ಎಲ್ಲಾರ ಮುಂದೆ ನಾನೇ ಹಾಸ್ತೀನಿ. ಯಾವ ಯಂತ್ರದಲ್ಲಿ ಬೇಕಾದ್ರೂ ನೋಡ್ಲಿ. ಅವಳು ಬಿಟ್ಟ ದಾರೀಲಿ ಬೆರಳಿಟ್ಟು ನೋಡ್ಲಿ.”

ಮಾದೇವ ಬಾಗಿಲಲ್ಲಿ ತನಗರಿಯದೆ ನೆಟ್ಟಗೆ ನಿಂತ. ದಾಕ್ಷಾಯಿಣಿ ಗಡಿಯಾರ ನೋಡಿದಳು. ಒಂದೂವರೆ. ಸಿದ್ದಾಪುರಕ್ಕೆ ಹೋಗಿ ಬರಲು ಸಮಯವಿತ್ತು. ಈ ಕೆಲಸಕ್ಕೆ ಸೇರಿದ್ದಕ್ಕೆ ಎಷ್ಟೋ ದಿನದ ಮೇಲೆ ಅವಳ ಎದೆಯುಬ್ಬಿತು.

“ಮನಿಯಾಗ ಯಾರದಾರ?”

“ಸೊಸೆ ಇದಾಳೆ, ಸೌಮ್ಯ. ಪೆಟ್ಟಿಗೆ ತೆಗ್ದಿಡು ಅಂತ ಹೇಳ್ತೀನಿ.”

ರೋಹಿಣಿ ತನ್ನ ಫೋನಿನಲ್ಲಿ ಕರೆ ಮಾಡಿ ಸ್ಪೀಕರ್ ಹಾಕಿ ದೊಡ್ಡಮ್ಮನ ಮುಂದೆ ಹಿಡಿದಳು. ಎರಡು ಸಲ ರಿಂಗಾದ ಮೇಲೆ ಸೌಮ್ಯಳ ದನಿ ಬಂತು.

“ಸೌಮ್ಯ, ದೇವ್ರ ಕೋಣೆ ಪೆಟ್ಟಿಗೆ ಹೊರಗೆ ತೆಗಿ ಮಾರಾಯ್ತಿ. ನಾವು ಬರ್ತಿದೀವಿ.”

ಆ ಕಡೆಯಿಂದ ಸೌಮ್ಯ ಕೇಳಿದಳು.

“ಮತ್ತೆ ಯಾವ ಪೆಟ್ಟಿಗೆ, ಅತ್ತೆ? ಆಗ್ಲೇ ಕೊಟ್ಟು ಕಳ್ಸಿದ್ನಲ್ಲ.”

ದೇವಿಯ ಕೈ ರೋಹಿಣಿಯ ಭುಜ ಹಿಡಿಯಿತು. “ಯಾರಿಗೆ?”

“ಅರ್ಧ ಗಂಟೆ ಆಯ್ತು. ಪೊಲೀಸ್ ಹೆಂಗಸು ಬಂದಿದ್ರು, ಖಾಕಿ ಹಾಕ್ಕಂಡು. ನಿಮ್ಮತ್ತೆ ಹೇಳಿದಾರೆ, ಅಸಲಿ ವಸ್ತ್ರ ತಗಂಡು ಬರೂಕೆ ಅಂದ್ರು. ಅಸಲಿ ಇಲ್ಲಿದೆ ಅಂತ ನೀವು ಹೇಳ್ದೆ ಬೇರೆಯವ್ರಿಗೆ ಹೇಗೆ ಗೊತ್ತಾಗ್ತದೆ ಅಂತ ನಾ ಕೊಟ್ಟೆ.”

ದಾಕ್ಷಾಯಿಣಿ ಫೋನಿಗೆ ಬಗ್ಗಿದಳು. ಅರ್ಧ ಗಂಟೆಯ ಹಿಂದೆ ಆ ಮಾತು ಇನ್ನೂ ದೇವಿಯ ಬಾಯಿಂದ ಹೊರಗೆ ಬಿದ್ದಿರಲಿಲ್ಲ.

“ಆಕಿ ಹೆಸರು ಕೇಳಿದ್ಯೇನು, ತಂಗಿ?”

“ಕೇಳಿ, ಬರ್ದೂ ಇಟ್ಕಂಡಿದೀನಿ. ಸಬ್‌ಇನ್‌ಸ್ಪೆಕ್ಟರ್ ದಾಕ್ಷಾಯಿಣಿ, ದಾಸನಕೊಪ್ಪ.” ಸೌಮ್ಯ ಓದಿ ಹೇಳಿದಳು. “ಅಲ್ಲ ಅತ್ತೆ, ಈಗ ನಿಮ್ಮ ಪಕ್ಕ ಮಾತಾಡ್ತಾ ಇರೂದು ಯಾರು?”